ಹಾರುವಾಗ ಪಕ್ಕದ ಸೀಟು

ಕಾರ್ಕಳ–ಉಡುಪಿ ದಾರಿಯಲ್ಲಿ ಮೂವತ್ತೊಂದು ವರ್ಷ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವನು ನಾನು. ಬೈಲೂರು, ಹಿರಿಯಡ್ಕ, ಪರ್ಕಳ, ಮಣಿಪಾಲ ದಾಟಿ ಉಡುಪಿಗೆ ದಿನವಿಡೀ ನಿಂತೇ ಹೋದೆ, ನಿಂತೇ ಬಂದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ವಿಮಾನದಲ್ಲಿ ನಾನು ಮಾಡಿದ ತಪ್ಪಿಗೆ ಕೊಡಲು ಬೇರೆ ಸಬೂಬು ನನ್ನ ಬಳಿ ಇಲ್ಲ.

ನಿಯಮ ಎಂದರೆ ನನಗೆ ಬಹಳ ಪ್ರೀತಿ, ಅದನ್ನು ಹೇಳುವವನು ನಾನಾಗಿದ್ದರೆ. ಕೈ ತಲೆ ಹೊರಗೆ ಹಾಕಬೇಡಿ, ಮೆಟ್ಟಿಲಲ್ಲಿ ನಿಲ್ಲಬೇಡಿ, ಚೀಲ ದಾರಿಯಲ್ಲಿ ಇಡಬೇಡಿ, ಹಿಂದೆ ಜಾಗ ಉಂಟು ಹೋಗಿ ಎಂದು ಕೂಗಿ ಕೂಗಿ ನನ್ನ ಗಂಟಲು ಒಂದು ಹದಕ್ಕೆ ಬಂದಿತ್ತು. ಮಣಿಪಾಲದ ಪ್ರೊಫೆಸರರೇ ಇರಲಿ, ಮೀನಿನ ಬುಟ್ಟಿಯ ಹೆಂಗಸೇ ಇರಲಿ, ಬಸ್ಸಿನೊಳಗೆ ಎಲ್ಲರೂ ನನ್ನ ಮಾತು ಕೇಳಬೇಕಿತ್ತು. ಅದರಲ್ಲೂ ಎರಡು ವಿಷಯಗಳಲ್ಲಿ ನಾನು ಯಾರ ಮಾತಿಗೂ ಬಗ್ಗುತ್ತಿರಲಿಲ್ಲ. ಇಳಿಯುವವರು ಸ್ಟಾಪ್ ಬರುವ ಮೊದಲೇ ಎದ್ದು ಬಾಗಿಲಿಗೆ ಬರಬೇಕು. ನಮ್ಮ ಬೆನ್ನಿಗೇ ಇನ್ನೊಂದು ಬಸ್ಸು ಓಡಿಬರುತ್ತಿರುತ್ತದೆ. ಮೊದಲು ಸಿಗುವ ಇಂದ್ರಾಳಿಯಲ್ಲೇ ಏಳದವರನ್ನು ಆಮೇಲೆ ಕಲ್ಸಂಕದಲ್ಲಿ ನಿಧಾನವಾಗಿ ಇಳಿಸಲು ನನಗೆ ಪುರುಸೊತ್ತು ಎಲ್ಲಿ? ಇನ್ನೊಂದು, ಒಬ್ಬಳೇ ಬಂದ ಹೆಂಗಸು ಗುರುತಿಲ್ಲದ ಗಂಡಸರ ನಡುವೆ ಮುದುಡಿ ಕೂರುವಂತೆ ಆಗಬಾರದು. ಅಂಥವಳನ್ನು ಕಂಡರೆ ಯಾರನ್ನಾದರೂ ಎಬ್ಬಿಸಿ, ಯಾರನ್ನಾದರೂ ಸರಿಸಿ, ಇನ್ನೊಬ್ಬ ಹೆಂಗಸಿನ ಪಕ್ಕ ಜಾಗ ಮಾಡಿಕೊಡುತ್ತಿದ್ದೆ. ಇದನ್ನು ಯಾರೂ ನನಗೆ ಕಲಿಸಿದ್ದಲ್ಲ. ನಮ್ಮ ಕಡೆಯ ಕಂಡಕ್ಟರುಗಳು ಯೋಚಿಸದೆಯೇ ಮಾಡುವ ಕೆಲಸ ಅದು.

ನನ್ನ ಹೆಂಡತಿಯ ತವರು ಕಾಪು. ಮದುವೆಯಾದ ಹೊಸತರಲ್ಲಿ ಒಂದು ದಿನ ರಜೆ ಹಾಕಿ ಅವಳ ಜೊತೆ ಕಾಪುವಿಗೆ ಹೊರಟೆ. ಉಡುಪಿಯ ತನಕ ಗೆಳೆಯನೊಬ್ಬ ಕಂಡಕ್ಟರ್ ಆಗಿದ್ದ ಬಸ್ಸು. ಕಿಟಕಿಯ ಬಳಿ ಅವಳು, ಪಕ್ಕದಲ್ಲಿ ನಾನು, ಅವಳ ತಲೆಯಲ್ಲಿ ಶಂಕರಪುರದ ಮಲ್ಲಿಗೆ. ಹಿರಿಯಡ್ಕದ ತನಕ ಎಲ್ಲ ಚೆನ್ನಾಗಿಯೇ ಇತ್ತು. ಅಲ್ಲಿ ಪೆರ್ಡೂರಿನ ಕಡೆಯಿಂದ ಬಂದವರೆಲ್ಲ ಒಮ್ಮೆಲೇ ಹತ್ತಿದರು. ಗೆಳೆಯ ಹಿಂದಿನ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ. ನನಗೆ ಕೂತಿರಲು ಆಗಲಿಲ್ಲ. ಎದ್ದು ಒಬ್ಬಳು ಅಜ್ಜಿಯನ್ನು ನನ್ನ ಸೀಟಿನಲ್ಲಿ ಕೂರಿಸಿದೆ, ನಿಂತವರನ್ನು ಎರಡು ಸಾಲು ಮಾಡಿದೆ, ಉಡುಪಿ ಬರುವ ತನಕ ಮುಂದಿನ ಬಾಗಿಲನ್ನು ನಾನೇ ನೋಡಿಕೊಂಡೆ. ಇಳಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು.

"ನೀವು ನನ್ನ ಗಂಡನಾ, ಬಸ್ಸಿನ ಗಂಡನಾ?"

ಆಮೇಲೆ ಎಷ್ಟೋ ಸಲ ಅವಳು ಉಡುಪಿಯ ತನಕ ನನ್ನ ಬಸ್ಸಿನಲ್ಲೇ ತವರಿಗೆ ಹೋದಳು. ಮುಂದೆ ಹೆಂಗಸರ ಸೀಟಿನಲ್ಲಿ ಅವಳು, ಬಾಗಿಲಲ್ಲಿ ನಾನು. ಅವಳಿಗೂ ನಾನು "ಸ್ವಲ್ಪ ಒತ್ತಿ ಕೂತುಕೊಳ್ಳಿ" ಎಂದೇ ಹೇಳುತ್ತಿದ್ದೆ, ಕೆಲಸದ ಹೊತ್ತಿನಲ್ಲಿ ಸಂಬಂಧ ಹೇಳಬಾರದಲ್ಲ. ಪಕ್ಕಪಕ್ಕ ಕೂತು ನಾವಿಬ್ಬರು ಎಲ್ಲಿಗೂ ಹೋದದ್ದಿಲ್ಲ. ಸಂಜೆ ಮನೆಗೆ ಬಂದು ನಾನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂತರೆ ಅವಳು ಬಿಡುತ್ತಿರಲಿಲ್ಲ. "ನಿಮಗೆ ಎಂತ ಕಷ್ಟ ಉಂಟು? ಬಾಗಿಲಲ್ಲಿ ನಿಂತು ಗಾಳಿ ತಿಂದು ಊರು ನೋಡುವ ಕೆಲಸ" ಎನ್ನುತ್ತಿದ್ದಳು. ಬಿಸಿನೀರು ಕಾಯಿಸಿ ಕೊಡುತ್ತಿದ್ದವಳೂ ಅವಳೇ.

ನಾನು ಕೆಲಸ ಬಿಟ್ಟ ಮರುವರ್ಷ ಮುಂಬಯಿಯಲ್ಲಿರುವ ಅವಳ ಅಣ್ಣನ ಮಗಳಿಗೆ ಮದುವೆ ಗೊತ್ತಾಯಿತು. ರೈಲಿನ ಟಿಕೆಟ್ ಸಿಗಲಿಲ್ಲ. ಮಣಿಪಾಲದಲ್ಲಿ ಲ್ಯಾಬಿನ ಕೆಲಸದಲ್ಲಿರುವ ನಮ್ಮ ಮಗಳು ನಮ್ಮನ್ನು ಒಂದು ಮಾತೂ ಕೇಳದೆ ಬಜ್ಪೆಯಿಂದ ವಿಮಾನಕ್ಕೆ ಎರಡು ಸೀಟು ಮಾಡಿಬಿಟ್ಟಳು. ಅಕ್ಕಪಕ್ಕದ ಸೀಟು, ಕಿಟಕಿಯದ್ದು ಒಂದು, ನಡುವಿನದ್ದು ಒಂದು. ಹೆಂಡತಿಗೆ ಸಂತೋಷ, ಭಯ ಎರಡೂ ಒಟ್ಟಿಗೆ ಬಂದವು. ಸಂತೋಷ ಹಗಲು ಇರುತ್ತಿತ್ತು. ಭಯ ಊಟಕ್ಕೆ ಕೂತಾಗ ಬರುತ್ತಿತ್ತು.

ಹೊರಡುವ ಹಿಂದಿನ ಭಾನುವಾರ ಮಗಳು ಮನೆಗೆ ಬಂದು ನಮಗೆ ತರಬೇತಿ ಕೊಟ್ಟಳು. ಜಗಲಿಯಲ್ಲಿ ಮೂರು ಪ್ಲಾಸ್ಟಿಕ್ ಕುರ್ಚಿ, ಅದರ ಎದುರು ಇನ್ನು ಮೂರು. ಬೆಲ್ಟಿಗೆ ನನ್ನ ಹೆಗಲ ಮೇಲಿನ ಬೈರಾಸು, ಅವಳ ಅಮ್ಮನಿಗೆ ಹಳೆಯ ಸೀರೆಯ ತುಂಡು. ಎದುರಿನ ಕುರ್ಚಿಯ ಬೆನ್ನಿಗೆ ಒರಗಿಸಿದ ಅಕ್ಕಿ ಗೇರುವ ಗೆರಸೆಯೇ ಊಟದ ಮೇಜು.

"ಅಪ್ಪ, ಹಾರುವಾಗ ಮತ್ತು ಇಳಿಯುವಾಗ ಬೆಲ್ಟ್ ಹಾಕಿರಬೇಕು. ಮೇಜು ಮಡಚಬೇಕು. ಸೀಟಿನ ಬೆನ್ನು ನೆಟ್ಟಗೆ ಇರಬೇಕು. ಕಿಟಕಿಯ ಪರದೆ ತೆರೆದಿರಬೇಕು. ಚೀಲ ಮಡಿಲಲ್ಲಿ ಇಡುವ ಹಾಗಿಲ್ಲ, ಮೇಲೆ ಇಡಬೇಕು ಇಲ್ಲಾ ಎದುರಿನ ಸೀಟಿನ ಅಡಿಗೆ ತಳ್ಳಬೇಕು."

"ಪರದೆ ಯಾಕೆ ತೆರೆಯಬೇಕು?" ಎಂದೆ. ನಾನು ಹೇಳಿದ ನಿಯಮಕ್ಕೆ ಯಾರಾದರೂ ಯಾಕೆ ಎಂದು ಕೇಳಿದ್ದರೆ ಪರ್ಕಳದ ಏರಿನಲ್ಲೇ ಇಳಿಸಿಬಿಡುತ್ತಿದ್ದೆ, ಅದು ಬೇರೆ ಮಾತು.

"ಏನಾದರೂ ಹೆಚ್ಚುಕಡಿಮೆ ಆದರೆ ಹೊರಗೆ ಎಂತ ಆಗ್ತಾ ಉಂಟು ಅಂತ ಕಾಣಬೇಕಲ್ವಾ, ಅದಕ್ಕೆ."

ಹೆಚ್ಚುಕಡಿಮೆ ಎಂಬ ಮಾತು ಕೇಳಿದ್ದೇ ಹೆಂಡತಿ ಸೀರೆಯ ತುಂಡಿಗೆ ಇನ್ನೊಂದು ಗಂಟು ಹಾಕಿಕೊಂಡಳು. ಮಗಳು ಮುಂದುವರಿಸಿದಳು. "ಅಪ್ಪ, ನಿಮಗೆ ಮುಖ್ಯವಾದದ್ದು ಇದು. ವಿಮಾನ ಪೂರ್ತಿ ನಿಲ್ಲುವ ತನಕ ಏಳಬಾರದು."

"ನಿಂತ ಮೇಲೆ ಎದ್ದರೆ ಇಳಿಯುವುದು ಯಾವಾಗ ಮಾರಾಯ್ತಿ? ಅಷ್ಟರಲ್ಲಿ ಅದು ಹೊರಟಿರುತ್ತದೆ" ಎಂದೆ. ಮಗಳು ಅಮ್ಮನ ಮುಖ ನೋಡಿದಳು. ಇಬ್ಬರೂ ನಕ್ಕರು.

ಆಗ ಹೆಂಡತಿ ಕಟ್ಟಿಕೊಂಡ ಸೀರೆಯ ತುಂಡಿನೊಂದಿಗೇ ನನ್ನ ಕಡೆ ತಿರುಗಿದಳು. "ನಿಯಮ ಎಲ್ಲ ನಿಮಗೆ ಅವಳು ಹೇಳಿದಳು. ನನ್ನದು ಒಂದೇ ಉಂಟು. ವಿಮಾನ ನೆಲ ಬಿಡುವಾಗ ನೀವು ನನ್ನ ಪಕ್ಕ ಕೂತಿರಬೇಕು. ನಾನು ಕೈ ಹಿಡಿಯುತ್ತೇನೆ, ನೀವು ಬಿಡಿಸಿಕೊಳ್ಳಬಾರದು. ಒಂದು ಸಲ ಸಾಕು ನನಗೆ."

ತಮಾಷೆಗೆ ಹೇಳಿದ್ದಲ್ಲ ಎಂದು ಅವಳ ದನಿಯಲ್ಲೇ ಗೊತ್ತಾಯಿತು. ಆಯಿತು ಎಂದೆ. ಅವಳು ಕೈ ಚಾಚಿದಳು, ನಾನು ಕೈಮೇಲೆ ಕೈ ಇಟ್ಟು ಮಾತು ಕೊಟ್ಟೆ. ಮಗಳೇ ಸಾಕ್ಷಿ.

ಹೊರಟ ದಿನ ವಿಮಾನದ ಬಾಗಿಲಲ್ಲಿ ಒಬ್ಬಳು ಹುಡುಗಿ ಕೈಮುಗಿದು ನಿಂತಿದ್ದಳು. ಪತ್ರಿಕೆಯವರು ಇವರನ್ನು ಗಗನಸಖಿ ಎನ್ನುತ್ತಾರೆ. ನನ್ನ ಕಣ್ಣಿಗೆ ಅವಳು ಕಂಡಕ್ಟರ್. ಹತ್ತಿದವರ ಮುಖ, ಚೀಲ, ನಡಿಗೆ ಎಲ್ಲವನ್ನೂ ಒಂದೇ ನೋಟದಲ್ಲಿ ಅಳೆಯುತ್ತಿದ್ದಳು, ಯಾರು ತಂಟೆ ಮಾಡುತ್ತಾರೆ ಎಂದು ಲೆಕ್ಕ ಹಾಕುವ ಹಾಗೆ. ನನ್ನನ್ನು ಸ್ವಲ್ಪ ಹೆಚ್ಚೇ ನೋಡಿದಳು ಎಂದು ಈಗ ಅನಿಸುತ್ತದೆ.

ಹನ್ನೊಂದನೆಯ ಸಾಲಿನಲ್ಲಿ ಹೆಂಡತಿಯನ್ನು ಕಿಟಕಿಯ ಬಳಿ ಕೂರಿಸಿ ನಾನು ನಡುವೆ ಕೂತೆ. ದಾರಿಯ ಪಕ್ಕ ಒಬ್ಬ ಯುವಕ ಹಾಡು ಕೇಳುತ್ತಾ ಆಗಲೇ ಕಣ್ಣು ಮುಚ್ಚಿದ್ದ. ಬೆಲ್ಟ್ ಹಾಕಿಕೊಂಡೆವು. ಹೆಂಡತಿ ಚೀಲವನ್ನು ಎದುರಿನ ಸೀಟಿನ ಅಡಿಗೆ ತಳ್ಳಿದಳು, ಪರದೆ ಎತ್ತಿದಳು, ಮೇಜು ಮಡಚಿಯೇ ಉಂಟಾ ಎಂದು ಮುಟ್ಟಿ ನೋಡಿದಳು. ಮಗಳು ಹೇಳಿದ್ದರಲ್ಲಿ ಒಂದನ್ನೂ ಅವಳು ಬಿಟ್ಟಿರಲಿಲ್ಲ. ಇನ್ನು ಉಳಿದದ್ದು ಅವಳ ನಿಯಮ ಒಂದೇ. ಅದಕ್ಕೆ ಹೊತ್ತು ಆಗಿರಲಿಲ್ಲ.

ಹತ್ತುವವರ ಸಾಲು ನಮ್ಮ ಹತ್ತಿರ ನಿಂತಿತು. ನಮ್ಮ ಮಗಳ ವಯಸ್ಸಿನ ಒಬ್ಬಳು ಹುಡುಗಿ ಫೋನಿನಲ್ಲಿ ಕೊಂಕಣಿಯಲ್ಲಿ ಅಮ್ಮನ ಹತ್ತಿರ ಮಾತನಾಡುತ್ತಿದ್ದಳು. ನನಗೆ ಕೊಂಕಣಿ ಬರುತ್ತದೆ. ಕಾರ್ಕಳದ ಬಸ್ಸಿನಲ್ಲಿ ನಿಂತವರಿಗೆ ಯಾವ ಭಾಷೆ ಬರುವುದಿಲ್ಲ? ನರ್ಸ್ ಕೆಲಸಕ್ಕೆ ಮುಂಬಯಿಯಿಂದ ಆಚೆ ಗಲ್ಫಿಗೆ ಹೋಗುವವಳು, ಮೊದಲ ಸಲ. ಅತ್ತು ಕಣ್ಣು ಊದಿತ್ತು. "ಊಟ ಮಾಡಿದ್ದೇನೆ ಅಮ್ಮ, ಅಳಬೇಡಿ" ಎಂದು ಹೇಳುತ್ತಾ ಮೂರು ಸಾಲು ಹಿಂದೆ ಹೋಗಿ ನಿಂತಳು. ನಾನು ತಿರುಗಿ ನೋಡಿದೆ. ಅವಳದು ನಡುವಿನ ಸೀಟು. ಎರಡು ಬದಿಯಲ್ಲೂ ದೊಡ್ಡ ಮೈಯ ಇಬ್ಬರು ಗಂಡಸರು, ಕೈ ಇಡುವ ಕಟ್ಟೆಗಳೆಲ್ಲ ಆಗಲೇ ಅವರ ವಶದಲ್ಲಿದ್ದವು. ಹುಡುಗಿ ಒಳಗೆ ಹೋಗದೆ ಟಿಕೆಟನ್ನೇ ನೋಡುತ್ತಾ ನಿಂತಳು.

ಅಷ್ಟೇ ಸಾಕಾಯಿತು. ಬೆಲ್ಟ್ ಬಿಚ್ಚಿದ್ದು ಯಾವಾಗ, ಯುವಕನ ಮೊಣಕಾಲು ದಾಟಿದ್ದು ಯಾವಾಗ, ನನಗೆ ಗೊತ್ತಿಲ್ಲ. "ಬನ್ನಿ ಅಮ್ಮ, ನೀವು ಅಲ್ಲಿ ಹೆಂಗಸಿನ ಹತ್ತಿರ ಕೂತುಕೊಳ್ಳಿ. ನಾನು ಇಲ್ಲಿ ಅಡ್ಜಸ್ಟ್ ಮಾಡುತ್ತೇನೆ" ಎಂದು ಅವಳನ್ನು ಹನ್ನೊಂದನೆಯ ಸಾಲಿಗೆ ಕಳುಹಿಸಿ, ಅವಳ ಜಾಗದಲ್ಲಿ ಇಬ್ಬರು ಗಂಡಸರ ನಡುವೆ ನುಗ್ಗಿ ಕೂತೆ. ಇಬ್ಬರಿಗೂ "ಸ್ವಲ್ಪ ಒತ್ತಿ" ಎಂದೂ ಹೇಳಿದೆ. ಒಂದು ಬಸ್ಸು ಪೂರ್ತಿ ಸರಿಪಡಿಸಿದ ತೃಪ್ತಿ. ಗಗನಸಖಿ ಬಂದು ನನ್ನ ಬೆಲ್ಟ್ ನೋಡಿದಳು, ಪಕ್ಕದವನ ಸೀಟಿನ ಬೆನ್ನು ನೆಟ್ಟಗೆ ಮಾಡಿಸಿದಳು, ಮಲಗಿದವರನ್ನು ಎಬ್ಬಿಸಿ ಪರದೆ ಎತ್ತಿಸಿದಳು. ಒಬ್ಬರನ್ನೂ ಬಿಡುವವಳಲ್ಲ. ಕೆಲಸ ಗೊತ್ತಿರುವ ಹುಡುಗಿ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಬಾಗಿಲು ಹಾಕಿದರು. ವಿಮಾನ ಅಲುಗಾಡಿ ಹೊರಟಿತು. ಆಗ ಮುಂದಿನ ಸೀಟುಗಳ ಸಂದಿಯಲ್ಲಿ, ಮೂರು ಸಾಲು ಆಚೆ, ಮಲ್ಲಿಗೆ ಮುಡಿದ ಒಂದು ತಲೆ ಹಿಂದೆ ತಿರುಗಿ ನನ್ನನ್ನು ನೋಡುತ್ತಿರುವುದು ಕಂಡಿತು.

ಕೊಟ್ಟ ಮಾತು ನೆನಪಾದದ್ದು ಆಗಲೇ. ಆ ಮುಖದಲ್ಲಿ ಸಿಟ್ಟು ಇದ್ದಿದ್ದರೆ ಬಚಾವಾಗುತ್ತಿದ್ದೆ. ಅವಳ ಸಿಟ್ಟು ನನಗೆ ಅಭ್ಯಾಸ ಉಂಟು. ಇದು ಹಿರಿಯಡ್ಕದಲ್ಲಿ ನಾನು ಎದ್ದಾಗ ಅವಳು ನೋಡಿದ್ದ ನೋಟ. ಇವರು ಹೀಗೇ, ನನಗೆ ಗೊತ್ತಿತ್ತು ಎನ್ನುವ ನೋಟ.

ಬೆಲ್ಟ್ ಬಿಚ್ಚಿ ಎದ್ದೆ. ತನ್ನ ಜಾಗದಲ್ಲಿ ಕೂರಲು ಹೊರಟಿದ್ದ ಗಗನಸಖಿ ಅಲ್ಲಿಂದಲೇ ಕೈ ಎತ್ತಿದಳು.

"ಅಂಕಲ್, ಕೂತುಕೊಳ್ಳಿ. ವಿಮಾನ ಚಲಿಸುತ್ತಾ ಉಂಟು."

"ಮೂರೇ ಸಾಲು ಅಮ್ಮ. ಹೆಂಡತಿಯ ಹತ್ತಿರ ಹೋಗಬೇಕು. ಅವಳಿಗೆ ಹೆದರಿಕೆ."

"ಬೆಲ್ಟಿನ ದೀಪ ಆರಿದ ಮೇಲೆ ಹೋಗಿ. ಈಗ ಯಾರೂ ಏಳುವ ಹಾಗಿಲ್ಲ."

"ಅರ್ಧ ನಿಮಿಷದ ಕೆಲಸ."

"ಎಲ್ಲರೂ ಹಾಗೆಯೇ ಹೇಳುವುದು ಅಂಕಲ್."

ಇದು ನನ್ನದೇ ಮಾತು. ಓಡುವ ಬಸ್ಸಿನಲ್ಲಿ ನಡುವೆ ಇಳಿಸಿ ಎಂದವರಿಗೆ ಮೂವತ್ತೊಂದು ವರ್ಷ ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದೇನೆ. ಕೂತು ಬೆಲ್ಟ್ ಹಾಕಿಕೊಂಡೆ.

ವಿಮಾನ ಓಡಿತು. ಬಜ್ಪೆಯ ಗುಡ್ಡದ ಅಂಚು ಬಂದಂತೆ ನೆಲ ಬಿಟ್ಟಿತು. ನಾನು ಎಂದೂ ಹೆದರುವವನಲ್ಲ. ಆದರೂ ನನ್ನ ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಸಿಕ್ಕಿದ್ದು ದೊಡ್ಡ ಮೈಯವನ ಗಡಿಯಾರ ಕಟ್ಟಿದ ಮಣಿಕಟ್ಟು. ಆತ ನನ್ನನ್ನು ನೋಡಿದ. ಗಂಟೆ ಎಷ್ಟಾಯಿತು ಎಂದು ಕೇಳಿ ಮರ್ಯಾದೆ ಉಳಿಸಿಕೊಂಡೆ.

ದೀಪ ಆರಿದ್ದೇ ಎದ್ದು ಮುಂದೆ ಹೋದೆ. ಜಾಗ ಬದಲಿಸಿಕೊಳ್ಳೋಣ ಎಂದು ಹೇಳಲು ಬಾಯಿ ತೆರೆದವನು ಹಾಗೇ ನಿಂತೆ. ಆ ಹುಡುಗಿ ನನ್ನ ಹೆಂಡತಿಯ ಭುಜಕ್ಕೆ ಒರಗಿ ಗಾಢವಾಗಿ ನಿದ್ದೆ ಹೋಗಿದ್ದಳು. ಇಬ್ಬರ ಕೈಗಳೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ನಾನು ಮಾತು ಕೊಟ್ಟ ಕೆಲಸವನ್ನು ಗುರುತಿಲ್ಲದ ಆ ಮಗು ಮಾಡಿ ಮುಗಿಸಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದು ಯಾಕೆ?

"ಎಬ್ಬಿಸಬೇಡಿ" ಎಂದಳು ಹೆಂಡತಿ, ಮೆಲ್ಲಗೆ. "ನಿನ್ನೆಯಿಂದ ನಿದ್ದೆ ಇಲ್ಲವಂತೆ, ಪಾಪ."

"ಹೆದರಿದೆಯಾ?"

"ನಾನಾ? ಇವಳು ಹೆದರಿದ್ದು ನೋಡಿ ನನ್ನದು ಮರೆತೇಹೋಯಿತು." ಹುಡುಗಿಯ ತಲೆ ಜಾರದಂತೆ ಭುಜ ಸರಿಮಾಡಿಕೊಂಡು ಹೇಳಿದಳು. "ನೀವು ಮಾಡಿದ್ದು ತಪ್ಪಲ್ಲ. ಒಳ್ಳೆಯದೇ ಮಾಡಿದ್ದು. ಯಾವಾಗಲೂ ಒಳ್ಳೆಯದೇ ಮಾಡುತ್ತೀರಿ. ಅದಕ್ಕೆ ಬಿಟ್ಟುಕೊಡಲು ನಿಮಗೆ ಸಿಗುವುದು ನನ್ನ ಪಕ್ಕದ ಸೀಟೇ."

ಹಿಂದೆ ಹೋಗಲು ಮನಸ್ಸಾಗದೆ ದಾರಿಯಲ್ಲೇ ನಿಂತೆ. ಒಂದು ಕೈ ಸೀಟಿನ ಬೆನ್ನಿನ ಮೇಲೆ, ಮೈ ಸ್ವಲ್ಪ ಓರೆ, ಹಳೆಯ ಭಂಗಿ. ಕೆಳಗೆ ಸಮುದ್ರದ ದಂಡೆ ಕಾಣುತ್ತದೆ ಎಂದಳು. ಕಾಪುವಿನ ದೀಪಸ್ತಂಭ ಕಾಣುತ್ತದಾ ಎಂದೆ. ಅದು ಆಗಲೇ ಹಿಂದೆ ಹೋಯಿತು ಎಂದಳು. ಅಷ್ಟರಲ್ಲಿ ತಿಂಡಿಯ ಗಾಡಿ ಬಂತು. ಗಗನಸಖಿ "ಅಂಕಲ್, ದಾರಿಯಲ್ಲಿ ನಿಲ್ಲಬೇಡಿ" ಎಂದಳು. ಅದೂ ನನ್ನದೇ ಮಾತು. ಹಿಂದೆ ಹೋಗಿ ಕೂತೆ.

ಮುಂಬಯಿ ಹತ್ತಿರವಾಯಿತು. ಮತ್ತೆ ದೀಪ ಹೊತ್ತಿತು, ಮತ್ತೆ ಮೇಜು, ಸೀಟು, ಪರದೆ. ಈ ಸಲ ನಾನು ಏಳಲಿಲ್ಲ. ವಿಮಾನದ ಚಕ್ರ ನೆಲಕ್ಕೆ ತಾಗಿ ಧಡಧಡ ಎಂದದ್ದೇ ತಡ, ಸುತ್ತಲೂ ಟಕ್ ಟಕ್ ಎಂದು ಬೆಲ್ಟ್ ಬಿಚ್ಚುವ ಸದ್ದು. ವಿಮಾನ ಇನ್ನೂ ಓಡುತ್ತಾ ಇದೆ, ಅರ್ಧ ಜನ ಎದ್ದು ಮೇಲಿನ ಚೀಲ ಎಳೆಯುತ್ತಿದ್ದಾರೆ. ಎದ್ದವರಲ್ಲಿ ಕೆಲವರ ಮುಖ ನೋಡಿದರೆ ನಮ್ಮದೇ ದಾರಿಯವರು. ಸ್ಟಾಪಿಗೆ ಮೊದಲೇ ಎದ್ದು ಬಾಗಿಲಿಗೆ ಬನ್ನಿ ಎಂದು ಅವರಿಗೆ ಕಲಿಸಿದವನು ನಾನೇ ಇರಬೇಕು. ಗಗನಸಖಿ ಮೈಕಿನಲ್ಲಿ ಮೂರು ಭಾಷೆಯಲ್ಲಿ ಬೇಡಿಕೊಂಡಳು. ಯಾರೂ ಕೇಳಲಿಲ್ಲ. ನನಗೆ ಅವಳನ್ನು ನೋಡಿ ಪಾಪ ಅನಿಸಿತು. ಕೂತಲ್ಲಿಂದಲೇ ಗಂಟಲು ಬಿಟ್ಟೆ.

"ಹೋಲ್ಡಾನ್. ಗಾಡಿ ನಿಂತಿಲ್ಲ. ಎಲ್ಲರೂ ಕೂತುಕೊಳ್ಳಿ, ಚೀಲ ಎಲ್ಲಿಗೂ ಹೋಗುವುದಿಲ್ಲ."

ಇಡೀ ವಿಮಾನ ಕೂತಿತು. ದೊಡ್ಡ ಮೈಯವರಿಬ್ಬರೂ ಒಂದೇ ಸಲಕ್ಕೆ ಕೂತದ್ದಕ್ಕೆ ನನ್ನ ಸೀಟು ನಡುಗಿತು. ಗಗನಸಖಿ ಮೈಕ್ ಹಿಡಿದುಕೊಂಡೇ ನನ್ನ ಕಡೆ ನೋಡಿ ತಲೆ ಬಾಗಿಸಿದಳು. ಮೂರು ಸಾಲು ಮುಂದೆ ಮಲ್ಲಿಗೆಯ ತಲೆ ಅಲುಗಾಡುತ್ತಿತ್ತು. ನಗುತ್ತಿದ್ದಳು.

ಇಳಿದಾಗ ನರ್ಸ್ ಹುಡುಗಿ ನಮ್ಮಿಬ್ಬರ ಕಾಲು ಮುಟ್ಟಲು ಬಗ್ಗಿದಳು, ಹೆಂಡತಿ ತಡೆದು ತಬ್ಬಿಕೊಂಡಳು. ಆಮೇಲೆ ಆ ಹುಡುಗಿ ಜನರ ನಡುವೆ ಮುಂದೆ ಹೋದಳು. ವಿಮಾನದಿಂದ ನಿಲ್ದಾಣದ ಕಟ್ಟಡಕ್ಕೆ ನಮ್ಮನ್ನು ಒಯ್ಯಲು ಕೆಳಗೆ ಬಸ್ಸು ನಿಂತಿತ್ತು. ಮನೆ ಬಿಟ್ಟು ಇಷ್ಟು ದೂರ ಹಾರಿ ಬಂದರೂ ಕೊನೆಗೆ ಬಸ್ಸೇ. ಅದರಲ್ಲಿ ಕಂಡಕ್ಟರ್ ಇರಲಿಲ್ಲ. ಸೀಟೂ ಬೆರಳೆಣಿಕೆಯಷ್ಟೇ, ಉಳಿದದ್ದೆಲ್ಲ ನಿಲ್ಲುವ ಜಾಗ. ಇಬ್ಬರು ಕೂರುವ ಒಂದು ಸೀಟು ಖಾಲಿ ಇತ್ತು. ಹೆಂಡತಿ ಬೇಗ ಹೋಗಿ ಕಿಟಕಿಯ ಬಳಿ ಕೂತಳು. ಪಕ್ಕದ ಜಾಗವನ್ನು ಕೈಯಿಂದ ಒಮ್ಮೆ ಒರೆಸಿದಳು.

ಕೂತೆ. ಹಾರುವಾಗ ಆಗದ್ದು ಇಲ್ಲಾದರೂ ಆಗಲಿ ಎಂದು ಗಟ್ಟಿಯಾಗಿ ಕೂತೆ.

ಬಸ್ಸು ತುಂಬತೊಡಗಿತು. ಕೊನೆಗೆ ಹತ್ತಿದವರು ಒಬ್ಬಳು ವಯಸ್ಸಾದ ಹೆಂಗಸು, ಅವಳ ಹಿಂದೆ ಕೂಸನ್ನು ಎತ್ತಿಕೊಂಡ ಮಗಳು. ಅವರಿಗೆ ಹಿಡಿದುಕೊಳ್ಳಲು ಕಂಬ ಸಿಗಲಿಲ್ಲ. ನಾನು ಕಿಟಕಿಯ ಹೊರಗೆ ನೋಡಿದೆ. ನನ್ನ ಬೂಟು ನೋಡಿದೆ. ಮೊಣಕಾಲುಗಳು ತಾವಾಗಿ ಏಳುತ್ತಿದ್ದವು, ಎರಡು ಕೈಯಿಂದ ಒತ್ತಿ ಹಿಡಿದೆ. ಕೆಲಸದಲ್ಲಿದ್ದಾಗ ಹೀಗೆ ಕೂತ ಗಂಡಸನ್ನು ಕಂಡಿದ್ದರೆ ಬಸ್ಸಿಗೆಲ್ಲ ಕೇಳುವಂತೆ ಬೈಯುತ್ತಿದ್ದೆ. ಈಗ ಏಳಲೇಬಾರದು ಎಂದುಕೊಂಡೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಹೆಂಡತಿ ನನ್ನ ಮೊಣಕಾಲುಗಳನ್ನೇ ನೋಡುತ್ತಿದ್ದಳು. ನಿಟ್ಟುಸಿರು ಬಿಟ್ಟು ಮೊದಲು ಅವಳೇ ಎದ್ದಳು, ಹಿಂದೆಯೇ ನಾನೂ ಎದ್ದೆ.

"ಬನ್ನಿ" ಎಂದು ಅವರಿಬ್ಬರನ್ನೂ ಕರೆದು ಕೂರಿಸಿದಳು. ಆಮೇಲೆ ನನಗೆ, "ನಿಮ್ಮನ್ನು ಕೂರಿಸಲು ನನ್ನಿಂದ ಆಗುವುದಿಲ್ಲ ಮಾರಾಯ್ರೇ. ಜಾಗ ಕೊಡಿ, ನಿಮ್ಮ ಪಕ್ಕ ನಾನೇ ನಿಲ್ಲುತ್ತೇನೆ."

ಬಸ್ಸು ಹೊರಟಿತು. ಅವಳು ಮುಂದಕ್ಕೆ ಮುಗ್ಗರಿಸಿದಳು. "ಕಾಲು ಸ್ವಲ್ಪ ಅಗಲ ಇಡು. ಮೊಣಕಾಲು ಬಿಗಿ ಮಾಡಬೇಡ. ಬಸ್ಸು ತಿರುಗುವ ಕಡೆಗೆ ಮೈ ಬಿಡು" ಎಂದೆ. ಅವಳು ಹಾಗೆಯೇ ಮಾಡಲು ನೋಡಿದಳು, ಆಗಲಿಲ್ಲ. ಡ್ರೈವರ್ ಬ್ರೇಕ್ ಹಾಕಿದಾಗ ಎರಡೂ ಕೈಯಿಂದ ನನ್ನ ತೋಳು ಹಿಡಿದುಕೊಂಡಳು. ನಾನು ಮೇಲಿನ ಸರಳು ಹಿಡಿದು ಅಲುಗದೆ ನಿಂತಿದ್ದೆ. ನನ್ನ ಕಾಲುಗಳನ್ನು ನೋಡಿದಳು, ತನ್ನ ಕಾಲುಗಳನ್ನು ನೋಡಿದಳು.

"ಮೂವತ್ತೊಂದು ವರ್ಷ, ಬೆಳಗಿಂದ ಸಂಜೆ ತನಕ, ಹೀಗೆಯೇ ನಿಂತದ್ದಾ ನೀವು?"

"ಗಾಳಿ ತಿಂದು ಊರು ನೋಡುವ ಕೆಲಸ ಅಲ್ವಾ" ಎಂದೆ.

ಅವಳು ನಗಲಿಲ್ಲ. ತೋಳು ಬಿಟ್ಟು ನನ್ನ ಕೈಯನ್ನು ಹಿಡಿದಳು. ಬಸ್ಸು ಇನ್ನೊಮ್ಮೆ ತಿರುಗಿತು, ನಾವಿಬ್ಬರೂ ಒಂದೇ ಕಡೆಗೆ ವಾಲಿದೆವು. ಕಟ್ಟಡ ಬಂತು. ಗಾಡಿ ನಿಲ್ಲುವ ಮೊದಲೇ ಜನ ಬಾಗಿಲಿಗೆ ಒತ್ತಿದರು. ನಾನು ಯಾರಿಗೂ ಏನೂ ಹೇಳಲಿಲ್ಲ. ಬಸ್ಸು ನಿಂತಿತು, ಎಲ್ಲರೂ ಇಳಿದರು, ಅವಳು ಕೈ ಬಿಡಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡಿ ಹಿಂದಿಯಲ್ಲಿ ಇಳಿಯಿರಿ ಎಂದು ಎರಡು ಸಲ ಹೇಳಿದ ಮೇಲೆಯೇ ನಾವು ಇಳಿದದ್ದು.